ದತ್ತಸಂಚಯದ ಉಪಕರಣಗಳು: ಕೋಲಾರ ಸೀಮೆಯ ಶಾಸನಗಳನ್ನು ಒರೆಗಲ್ಲಾಗಿಟ್ಟು ಒಂದು ವಿಮರ್ಶೆ

ಗಣಕಯಂತ್ರದಲ್ಲಿ ವಿಷಯಗಳನ್ನು ಸಾಲು ಅಂಕಣಗಳ ಕೋಷ್ಟಕಗಳಾಗಿ ಕೂಡಿಟ್ಟು, ಬೇಕೆಂದಾಗ ಬೇಕಾದಷ್ಟನ್ನೇ ಹೊರತೆಗೆಯುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಇದನ್ನು ನಾವು ಈ ಲೇಖನದಲ್ಲಿ ದತ್ತಸಂಚಯವೆಂದು ಕರೆಯುತ್ತೇವೆ. ಇ. ಎಫ್. ಕಾಡ್ 1970ರಲ್ಲಿ ಇದರ ತಾತ್ತ್ವಿಕ ತಳಹದಿಯನ್ನು ಹಾಕಿಕೊಟ್ಟ ಮೇಲೆ, ಅದನ್ನು ಬಳಸುವವರ ಅನುಕೂಲಕ್ಕಾಗಿ ಹುಟ್ಟಿದ ಚಿಕ್ಕ ದೊಡ್ಡ ಉಪಕರಣಗಳು ಅಸಂಖ್ಯಾತ. ದತ್ತಸಂಚಯದ ನಿರ್ವಾಹಕರೂ ತಂತ್ರಾಂಶ ಬರೆಯುವವರೂ ತಮ್ಮ ತಮ್ಮ ಮೆಚ್ಚಿನ ಉಪಕರಣಗಳ ಪಟ್ಟಿಯನ್ನು ಆಗಾಗ ಕೊಡುವುದುಂಟು. ಆದರೆ ಮೆಚ್ಚುಗೆ ಬೇರೆ, ವಿಮರ್ಶೆ ಬೇರೆ. ಉಪಕರಣವು ಶೀಘ್ರವಾಗಿದೆ, ಸುಂದರವಾಗಿದೆ, ಬೆಲೆಯಿಲ್ಲದೆ ದೊರೆಯುತ್ತದೆ ಎಂಬಷ್ಟರಿಂದ ಅದರ ಯೋಗ್ಯತೆ ನಿರ್ಣಯವಾಗುವುದಿಲ್ಲ. ಯಾವ ಸಾಮಗ್ರಿಯ ಮೇಲೆ ಅದು ಕೆಲಸ ಮಾಡಬೇಕೋ ಆ ಸಾಮಗ್ರಿಗೆ ಅದು ನಿಷ್ಠವಾಗಿದೆಯೆ ಎಂಬುದೇ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಕನ್ನಡದ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಕೇಳುವುದೇ ಪ್ರಕೃತ ಲೇಖನದ ಉದ್ದೇಶ.

ಸಾಮಗ್ರಿಯಾಗಿ ನಾವು ಆರಿಸಿಕೊಂಡಿರುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು. ಈ ಆಯ್ಕೆಗೆ ಕಾರಣವುಂಟು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅದರಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಸಂಕೇತಾಕ್ಷರಗಳು, ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆ, ಸ್ಥಳನಿರ್ದೇಶ, ಕಾಲ, ಪಾಠ, ಲಿಪ್ಯಂತರ, ಭಾಷಾಂತರ ಇವು ಕ್ರಮವಾಗಿ ಬರುತ್ತವೆ. ವಿಚಾರ ಮಾಡಿದರೆ ಇದು ಗಣಕಯಂತ್ರಕ್ಕೆ ಅರ್ಧ ಶತಮಾನ ಮೊದಲೇ ಕಾಗದದ ಮೇಲೆ ಸಿದ್ಧವಾದ ದತ್ತಸಂಚಯವೇ ಸರಿ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಈ ಸೀಮೆಯು ಕನ್ನಡ, ತೆಲುಗು, ತಮಿಳು ಮೂರೂ ಕೂಡುವ ಗಡಿನಾಡು. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಹೇಳಿಕೊಂಡರು. ಕೋಲಾರಮ್ಮನ ದೇವಾಲಯದಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯವಿಭಾಗದ ಕೇಂದ್ರವಾಗಿತ್ತು. ಒಂದೇ ಊರು ಮೂರು ಭಾಷೆಗಳಲ್ಲಿ, ಹಲವು ಶತಮಾನಗಳಲ್ಲಿ, ಹಲವು ರೂಪಗಳಲ್ಲಿ ಬರೆಯಲ್ಪಟ್ಟಿದೆ. ಇಂತಹ ಸಾಮಗ್ರಿಯ ಮುಂದೆ ನಿಲ್ಲಬಲ್ಲ ಉಪಕರಣವು ಬೇರೆ ಕಡೆಯೂ ನಿಂತೀತು.

ಇದರಲ್ಲಿ ಪಣಕ್ಕಿಟ್ಟಿರುವುದೇನು ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಸಂಶೋಧಕನು ಒಂದು ಊರಿನ ಹೆಸರನ್ನು ಕೊಟ್ಟು ಹುಡುಕುತ್ತಾನೆ. ಯಂತ್ರವು "ಯಾವ ಸಾಲೂ ಇಲ್ಲ" ಎಂದು ಉತ್ತರಿಸುತ್ತದೆ. ಪುಸ್ತಕದಲ್ಲಿ ಹುಡುಕಿದವನಿಗೆ ತಾನು ಪುಟವನ್ನು ಬಿಟ್ಟಿರಬಹುದೆಂಬ ಸಂಶಯ ಉಳಿಯುತ್ತದೆ. ಯಂತ್ರದ ಉತ್ತರದಲ್ಲಾದರೋ ಸಂಶಯಕ್ಕೆ ಎಡೆಯಿಲ್ಲದ ಗಾಂಭೀರ್ಯವಿದೆ. ಶಾಸನವು ಇದ್ದೂ ಕಾಣದೆ ಹೋದರೆ, ಅಲ್ಲಿ ದೇವಾಲಯವಿರಲಿಲ್ಲ, ಕೆರೆಗೆ ದತ್ತಿ ಇರಲಿಲ್ಲ, ಕನ್ನಡ ಬರೆಯುವವರಿರಲಿಲ್ಲ ಎಂಬ ನಿರ್ಣಯಗಳು ಹುಟ್ಟಿಕೊಳ್ಳುತ್ತವೆ. ಆದಕಾರಣ ಉಪಕರಣದ ಮೊದಲ ಪರೀಕ್ಷೆ ವೇಗದಲ್ಲಿಲ್ಲ, ಅದರ "ಇಲ್ಲ" ಎಂಬ ಮಾತನ್ನು ನಂಬಬಹುದೆ ಎಂಬುದರಲ್ಲಿದೆ.

1. ಅಕ್ಷರಗಳ ಎಣಿಕೆ

ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ವ್ಯವಸ್ಥೆಯ ಮೂಲ 1986ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಸಂಶೋಧನೆ. ಅದರೊಡನೆ ಬರುವ ಪಿ-ಎಸ್‌ಕ್ಯೂಎಲ್ ಎಂಬುದು ಆಜ್ಞೆಗಳನ್ನು ಟೈಪು ಮಾಡಿ ಉತ್ತರವನ್ನು ಓದುವ ಸಾದಾ ಉಪಕರಣ. 2000ದಲ್ಲಿ ರಿಚರ್ಡ್ ಹಿಪ್ ರಚಿಸಿದ ಎಸ್‌ಕ್ಯೂಲೈಟ್ ಇಡೀ ದತ್ತಸಂಚಯವನ್ನು ಒಂದೇ ಕಡತದಲ್ಲಿ ಇಡುವ ಲಘು ವ್ಯವಸ್ಥೆ. ಇವೆರಡಕ್ಕೂ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಕೊಟ್ಟು ಉದ್ದವನ್ನು ಕೇಳೋಣ. ಮಾಲೂರು ಎಂಬುದು ಓದುವವನಿಗೆ 3 ಅಕ್ಷರ, ಯಂತ್ರಕ್ಕೆ 6 ಸಂಕೇತ, ಸಂಗ್ರಹದಲ್ಲಿ 18 ಬೈಟು. ಮುಳಬಾಗಿಲು 5 ಅಕ್ಷರ, 9 ಸಂಕೇತ, 27 ಬೈಟು. ಶ್ರೀನಿವಾಸಪುರ 6 ಅಕ್ಷರ, 12 ಸಂಕೇತ, 36 ಬೈಟು. ಯೂನಿಕೋಡಿನಲ್ಲಿ ಕಾಗುಣಿತದ ಚಿಹ್ನೆಯೂ ವಿರಾಮವೂ ಪ್ರತ್ಯೇಕ ಸಂಕೇತಗಳಾಗಿರುವುದೂ, ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕಾಗುವುದೂ ಇದಕ್ಕೆ ಕಾರಣ. ಶಾಸನಪಾಠದಲ್ಲಿ ಅಳಿದುಹೋದ ಅಕ್ಷರಗಳೆಷ್ಟು ಎಂದು ಲೆಕ್ಕ ಹಾಕುವವನು ಉದ್ದವನ್ನು ತಿಳಿಸುವ ಈ ಸೌಲಭ್ಯವನ್ನು ನೆಚ್ಚಿದರೆ ಛಂದಸ್ಸೇ ಕೆಡುತ್ತದೆ.

ಇದು ಕಣ್ಣಿಗೆ ಕಾಣುವ ತೊಡಕು. ಕಾಣದ ತೊಡಕು ಕೋಲಾರ ಎಂಬ ಹೆಸರಿನಲ್ಲೇ ಅಡಗಿದೆ. ಮೊದಲ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಯೂನಿಕೋಡಿನ ದೃಷ್ಟಿಯಲ್ಲಿ ಸಮಾನ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು 5 ಸಂಕೇತ, 15 ಬೈಟು. ಎರಡನೆಯದು 7 ಸಂಕೇತ, 21 ಬೈಟು. ಬೈಟುಗಳನ್ನೇ ಹೋಲಿಸುವ ವ್ಯವಸ್ಥೆಗೆ ಇವು ಎರಡು ಬೇರೆ ಊರುಗಳು. ಎಸ್‌ಕ್ಯೂಲೈಟಿನ ಸಹಜ ಹೋಲಿಕೆ ಈ ಬಗೆಯದು; ರೂಪಗಳನ್ನು ಸಮಗೊಳಿಸುವ ಕ್ರಿಯೆ ಅದರ ಮೂಲ ಕಟ್ಟಡದಲ್ಲಿಲ್ಲ, ಹೊರಗಿನಿಂದ ಸೇರಿಸಬೇಕು. ಪೋಸ್ಟ್‌ಗ್ರೆಸ್ 2020ರ 13ನೆಯ ಆವೃತ್ತಿಯಿಂದ ಈ ಕ್ರಿಯೆಯನ್ನು ತನ್ನೊಳಗೇ ಒದಗಿಸಿದೆ. ಸಮಾನ ರೂಪಗಳನ್ನು ಒಂದೇ ಎಂದು ಎಣಿಸುವ ಹೋಲಿಕೆಯ ನಿಯಮವನ್ನು ಏರ್ಪಡಿಸಲು 2019ರ 12ನೆಯ ಆವೃತ್ತಿಯಲ್ಲಿಯೇ ಅವಕಾಶವಾಗಿತ್ತು. ಆದರೂ ಎರಡನ್ನೂ ಕೇಳಿ ಪಡೆಯಬೇಕು. ಕೇಳದವನಿಗೆ ಅವು ದೊರೆಯವು. ಈ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಮೇಲೆನ್ನುವುದು ನ್ಯಾಯ, ಆದರೆ ನಿರ್ದೋಷವೆನ್ನುವುದು ಅತಿಶಯ.

ಹಳೆಯ ಕಡತಗಳನ್ನು ಸೇರಿಸಿಕೊಳ್ಳುವಾಗ ತೊಡಕು ಇನ್ನೂ ಹೆಚ್ಚು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಕಡತಗಳಲ್ಲಿ ಅಕ್ಷರದ ಬದಲು ಅಕ್ಷರದ ಆಕಾರದ ತುಂಡುಗಳು ಸಂಗ್ರಹವಾಗಿರುತ್ತವೆ. ಧರ್ಮ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಮಕಾರದ ಅನಂತರ ಕಾಣುವುದರಿಂದ ಕಡತದಲ್ಲಿಯೂ ಅದು ಅನಂತರವೇ ನಿಂತಿರುತ್ತದೆ. ಯೂನಿಕೋಡಿನಲ್ಲಿ ರೇಫವು ಉಚ್ಚಾರಣೆಯ ಕ್ರಮದಲ್ಲಿ ಮೊದಲು ಬರಬೇಕು. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ದಾನಶಾಸನಗಳ ತಿರುಳಾದ ಧರ್ಮ, ಸರ್ವಮಾನ್ಯ, ಆಚಂದ್ರಾರ್ಕ ಎಂಬ ಮಾತುಗಳೇ ಹುಡುಕಾಟಕ್ಕೆ ಸಿಕ್ಕದೆ ಹೋಗುತ್ತವೆ. ಇಂತಹ ಪರಿವರ್ತಕವನ್ನು ಮೆಚ್ಚುವ ಮುನ್ನ ಅರ್ಕಾವತ್ತಿರುವ ನೂರು ಪದಗಳನ್ನು ಅದರ ಮುಂದಿಟ್ಟು ಪರೀಕ್ಷಿಸುವುದು ಅವಶ್ಯಕ.

2. ಅಕಾರಾದಿ

ಸೂಚಿಯಿಲ್ಲದ ಶಾಸನಸಂಪುಟ ಕೀಲಿಯಿಲ್ಲದ ಪೆಟ್ಟಿಗೆ. ಸೂಚಿಗೆ ಅಕಾರಾದಿ ಬೇಕು. ಯೂನಿಕೋಡಿನ ಕನ್ನಡ ವಿಭಾಗದಲ್ಲಿ ಳಕಾರವು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ನಿಘಂಟುಗಳಲ್ಲಿ ಅದರ ಸ್ಥಾನ ಹಕಾರದ ಅನಂತರ. ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸುವ ಉಪಕರಣವು ಮುಳಬಾಗಿಲನ್ನು ಮುಷ್ಟಿ, ಮುಸುಕು ಎಂಬ ಪದಗಳ ಮೊದಲಿಡುತ್ತದೆ. ಕನ್ನಡಿಗನು ಅದನ್ನು ಅವುಗಳ ಅನಂತರ ಹುಡುಕುತ್ತಾನೆ. ಹಳಗನ್ನಡದ ೞಕಾರದ ಪಾಡು ಇನ್ನೂ ವಿಚಿತ್ರ. ಅದರ ಸಂಕೇತಸಂಖ್ಯೆ ಕಾಗುಣಿತದ ಚಿಹ್ನೆಗಳಿಗಿಂತಲೂ ಆಚೆ ಇರುವುದಲ್ಲದೆ, ಯೂನಿಕೋಡಿನ ಇಂಗ್ಲಿಷ್ ಪಟ್ಟಿಯಲ್ಲಿ ಅದಕ್ಕೆ "ಫ" ಎಂಬರ್ಥದ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ತಪ್ಪು ಶಾಶ್ವತವಾಗಿದೆ. ಹೆಸರನ್ನು ನೋಡಿ ಅಕ್ಷರವನ್ನು ಆರಿಸುವವನು ೞಕಾರವನ್ನು ಎಂದಿಗೂ ಕಾಣಲಾರನು.

ಪೋಸ್ಟ್‌ಗ್ರೆಸ್ 2017ರ 10ನೆಯ ಆವೃತ್ತಿಯಿಂದ ಐಸಿಯು ಎಂಬ ಭಾಷಾನಿಯಮಗಳ ಭಂಡಾರವನ್ನು ಬಳಸಿಕೊಳ್ಳಬಲ್ಲುದು. ಕನ್ನಡದ ಕ್ರಮವನ್ನು ಹೆಸರಿಸಿ ಕೇಳಬಹುದು. ಆದರೆ ಆಜ್ಞೆಯಲ್ಲಿ ಅದನ್ನು ಹೆಸರಿಸದಿದ್ದರೆ ದತ್ತಸಂಚಯವನ್ನು ಸ್ಥಾಪಿಸಿದ ದಿನ ಯಾವ ಕ್ರಮವನ್ನು ಗೊತ್ತು ಮಾಡಿದರೋ ಅದೇ ನಡೆಯುತ್ತದೆ. ಸ್ಥಾಪನೆಯ ದಿನ ಕನ್ನಡವನ್ನು ಯಾರೂ ನೆನೆಯದಿದ್ದರೆ ಮುಂದೆ ವರ್ಷಗಟ್ಟಲೆ ಸೂಚಿಗಳೆಲ್ಲ ವಕ್ರವಾಗಿಯೇ ಹೊರಬರುತ್ತವೆ.

3. ಊರ ಹೆಸರುಗಳು

ಇಲ್ಲಿ ಓಪನ್-ರಿಫೈನ್ ಎಂಬ ಉಪಕರಣವನ್ನು ವಿಮರ್ಶಿಸಬೇಕು. 2010ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ 2012ರಿಂದ ಈ ಹೆಸರಿನಲ್ಲಿರುವ ಇದು, ಅಡ್ಡಾದಿಡ್ಡಿಯಾಗಿ ಬರೆದ ಹೆಸರುಗಳನ್ನು ಗುಂಪುಗೂಡಿಸಿ ಇವೆಲ್ಲ ಒಂದೇ ಇರಬಹುದೆ ಎಂದು ಕೇಳುತ್ತದೆ. ತಾನೇ ತೀರ್ಮಾನಿಸದೆ ಕೇಳುವುದು ಇದರ ಸದ್ಗುಣ. ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸಿ ಹಿಂದೆಗೆಯಲು ಬಿಡುವುದು ಇನ್ನೊಂದು. ಆದರೆ ಅದರ ಧ್ವನಿಸಾಮ್ಯದ ವಿಧಾನಗಳು ರೋಮನ್ ಲಿಪಿಯನ್ನು ನಂಬಿದವು, ಕನ್ನಡಕ್ಕೆ ನಿಷ್ಪ್ರಯೋಜಕ. ಉಳಿಯುವುದು ಎಷ್ಟು ಸಂಕೇತಗಳನ್ನು ಬದಲಿಸಿದರೆ ಒಂದು ಹೆಸರು ಇನ್ನೊಂದಾಗುತ್ತದೆಯೆಂದು ಎಣಿಸುವ ವಿಧಾನ.

ಈ ವಿಧಾನವನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಶ್ರೀನಿವಾಸಪುರದ ಹಿಂದಿನ ಹೆಸರು ಪಾಪನಪಲ್ಲಿ. ತೆಲುಗಿನ ಪಲ್ಲಿಯೂ ಕನ್ನಡದ ಹಳ್ಳಿಯೂ ಒಂದೇ ಎಂಬುದು ಗಡಿನಾಡಿನ ಕೂಸಿಗೂ ಗೊತ್ತು. ಪಾಪನಪಲ್ಲಿಯನ್ನು ಪಾಪನಹಳ್ಳಿಯಾಗಿಸಲು 3 ಸಂಕೇತಗಳನ್ನು ಬದಲಿಸಬೇಕು. ರಾಮಪುರವನ್ನು ಸೋಮಪುರವಾಗಿಸಲು 2 ಸಾಕು. ಎಂದಮೇಲೆ ಉಪಕರಣದ ಲೆಕ್ಕದಲ್ಲಿ ರಾಮಪುರ ಸೋಮಪುರಗಳು ಹತ್ತಿರದ ನಂಟರು. ಒಂದೇ ಊರಿನ ಎರಡು ಹೆಸರುಗಳು ದೂರದವು. ಇದರ ಸಲಹೆಗಳನ್ನು ಓದದೆ ಒಪ್ಪಿಕೊಳ್ಳುವವನು ಒಂದು ಕೈಯಲ್ಲಿ ಎರಡು ಊರುಗಳನ್ನು ಒಂದುಗೂಡಿಸಿ, ಇನ್ನೊಂದು ಕೈಯಲ್ಲಿ ಒಂದು ಊರನ್ನು ಎರಡಾಗಿ ಸೀಳುತ್ತಾನೆ. ಇನ್ನು ಪಾಪನಪಲ್ಲಿಗೂ ಶ್ರೀನಿವಾಸಪುರಕ್ಕೂ, ಕುವಳಾಲಕ್ಕೂ ಕೋಲಾರಕ್ಕೂ ಇರುವ ಸಂಬಂಧ ಯಾವ ಸಂಕೇತಗಣಿತಕ್ಕೂ ನಿಲುಕದು. ಅದು ಚರಿತ್ರೆಯಿಂದ ತಿಳಿಯಬೇಕಾದದ್ದು. ಆದ್ದರಿಂದ ಊರಿನ ಸ್ಥಿರಸಂಖ್ಯೆ ಒಂದು ಕೋಷ್ಟಕದಲ್ಲಿಯೂ, ಅದರ ರೂಪಾಂತರಗಳೆಲ್ಲವೂ ಕಾಲ ಭಾಷೆಗಳ ನಿರ್ದೇಶದೊಡನೆ ಮತ್ತೊಂದರಲ್ಲಿಯೂ ಇರುವುದೇ ಸರಿಯಾದ ಮಾರ್ಗ. ಇದಕ್ಕೆ ಬೇಕಾದುದು ಉಪಕರಣಕ್ಕಿಂತ ಹೆಚ್ಚಾಗಿ ಪಾಂಡಿತ್ಯ.

ತಾಲ್ಲೂಕುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ರೈಸರ ಸಂಪುಟದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಮೊದಲಾದವು 2007ರಲ್ಲಿ ಹೊಸದಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಅವರ ಬೌರಿಂಗ್‌ಪೇಟೆ ಇಂದಿನ ಬಂಗಾರಪೇಟೆ. ಆಡಳಿತವು ಬದಲಾಯಿತೆಂದು ಹಳೆಯ ಸಂಕೇತವನ್ನು ಅಳಿಸಿ ಹೊಸದನ್ನು ಬರೆದರೆ, ನೂರು ವರ್ಷಗಳಿಂದ ವಿದ್ವಾಂಸರು ಉಲ್ಲೇಖಿಸುತ್ತ ಬಂದ ಸಂಖ್ಯೆಗಳೆಲ್ಲ ಅನಾಥವಾಗುತ್ತವೆ.

4. ಅಂಕೆಯೂ ಕಾಲವೂ

ಪೋಸ್ಟ್‌ಗ್ರೆಸ್ಸಿನ ಸಂಖ್ಯೆಯ ಅಂಕಣದಲ್ಲಿ ಕನ್ನಡದ ಅಂಕೆಗಳನ್ನು ಬರೆಯಹೋದರೆ ಅದು ದೋಷವೆಂದು ತಿರಸ್ಕರಿಸುತ್ತದೆ. ಎಸ್‌ಕ್ಯೂಲೈಟ್ ಮಾತಿಲ್ಲದೆ ಸ್ವೀಕರಿಸಿ ಅದನ್ನು ಅಕ್ಷರಗಳೆಂದು ಇಟ್ಟುಕೊಳ್ಳುತ್ತದೆ. ಕೂಡಿಸಹೋದಾಗ ಮಾತ್ರ ಮೊತ್ತ ತಪ್ಪುತ್ತದೆ. ನಿಷ್ಠುರನಾದ ಗುಮಾಸ್ತನು ವಿನಯದ ಗುಮಾಸ್ತನಿಗಿಂತ ಮೇಲೆಂಬ ಗಾದೆಯಿಲ್ಲದಿದ್ದರೂ ಇರಬೇಕಾಗಿತ್ತು. 2021ರಿಂದ ಎಸ್‌ಕ್ಯೂಲೈಟಿನಲ್ಲಿಯೂ ಕಟ್ಟುನಿಟ್ಟಿನ ಕೋಷ್ಟಕಗಳನ್ನು ರಚಿಸಬಹುದಾಗಿದೆ. ರಚಿಸಬೇಕೆಂದು ನಮ್ಮ ಆಗ್ರಹ.

ಕಾಲನಿರ್ದೇಶದ ದೋಷ ಹೆಚ್ಚು ಸೂಕ್ಷ್ಮವಾದುದು. ಶಾಸನದ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕ್ರಿಸ್ತಶಕಕ್ಕೆ ತಂದಾಗ 1582ಕ್ಕಿಂತ ಹಿಂದಿನ ದಿನಾಂಕಗಳನ್ನು ಜೂಲಿಯನ್ ಪಂಚಾಂಗದಲ್ಲಿ ಹೇಳುವುದು ಶಾಸನಶಾಸ್ತ್ರದ ರೂಢಿ. ಈ ಎರಡು ವ್ಯವಸ್ಥೆಗಳಾದರೋ ಎಷ್ಟು ಹಿಂದಕ್ಕೆ ಹೋದರೂ ಗ್ರೆಗೋರಿಯನ್ ಲೆಕ್ಕವನ್ನೇ ನಡೆಸುತ್ತವೆ. ವ್ಯತ್ಯಾಸವು ರಾಜೇಂದ್ರ ಚೋಳನ 11ನೆಯ ಶತಮಾನದಲ್ಲಿ 6 ದಿನ, ವಿಜಯನಗರದ 15ನೆಯ ಶತಮಾನದಲ್ಲಿ 9 ದಿನ. ಜೂಲಿಯನ್ ದಿನಾಂಕವನ್ನು ಹಾಗೆಯೇ ತುಂಬಿ ವಾರವನ್ನು ಕೇಳಿದರೆ ತಪ್ಪು ವಾರ ಬರುತ್ತದೆ. ತಿಥಿವಾರಗಳ ಹೊಂದಿಕೆಯಿಂದಲೇ ಶಾಸನದ ನೈಜತೆಯನ್ನು ಪರೀಕ್ಷಿಸುವ ನಮಗೆ ಇದು ಅಲ್ಪ ದೋಷವಲ್ಲ. ನಿಜವಾದ ಶಾಸನವನ್ನು ಕೂಟಶಾಸನವೆಂದು ತಳ್ಳಿಹಾಕುವಷ್ಟು ಗುರುತರವಾದುದು. ಶಾಸನದ ಮಾತನ್ನು ಅದರ ರೂಪದಲ್ಲೇ ಒಂದು ಅಂಕಣದಲ್ಲಿಟ್ಟು, ಗಣಿಸಿದ ದಿನಾಂಕವನ್ನು ಪಂಚಾಂಗದ ಹೆಸರಿನೊಡನೆ ಬೇರೊಂದರಲ್ಲಿಡುವುದು ಕ್ಷೇಮ.

5. ನೋಡುವ ಉಪಕರಣಗಳು, ಕಾಪಾಡುವ ಉಪಕರಣಗಳು

ಪಿ-ಎಸ್‌ಕ್ಯೂಎಲ್ಲಿನ ಪರದೆ ಪ್ರತಿ ಸಂಕೇತಕ್ಕೂ ಒಂದು ಚೌಕವೆಂದು ಭಾವಿಸಿದ ಕಾಲದ್ದು. ಕನ್ನಡದ ಒತ್ತಕ್ಷರಗಳು ಅದರಲ್ಲಿ ಚದುರಿ ಅಂಕಣಗಳು ಸೊಟ್ಟಗಾಗುವುದುಂಟು. ಉತ್ತರವನ್ನು ಕೆಳಗೆ ಕೆಳಗೆ ಬರೆಸುವ ವಿಧಾನದಿಂದ ಇದನ್ನು ಸ್ವಲ್ಪ ಮಟ್ಟಿಗೆ ನಿವಾರಿಸಬಹುದು. ಡಿ-ಬೀವರ್, ಪಿಜಿ-ಅಡ್ಮಿನ್, ಡಿಬಿ ಬ್ರೌಸರ್ ಎಂಬ ಚಿತ್ರಮಯ ಉಪಕರಣಗಳಲ್ಲಿ ಕನ್ನಡ ಅಂದವಾಗಿ ಮೂಡುತ್ತದೆ. ಡಿ-ಬೀವರ್ ಕೋಷ್ಟಕಗಳ ಪರಸ್ಪರ ಸಂಬಂಧವನ್ನು ಚಿತ್ರವಾಗಿಯೂ ಬರೆದು ತೋರಿಸುತ್ತದೆ. ಹಾಗಾದರೆ ಇವೇ ಶ್ರೇಷ್ಠವೆ? ಇವುಗಳಲ್ಲಿ ಮನೆಯ ಚೌಕಕ್ಕೆ ಬೆರಳಿಟ್ಟು ಅಕ್ಷರವನ್ನು ತಿದ್ದಬಹುದು. ಆ ತಿದ್ದಿಕೆಗೆ ಕಾರಣವೇನೆಂಬ ಬರಹ ಎಲ್ಲಿಯೂ ಉಳಿಯುವುದಿಲ್ಲ. ಪಿ-ಎಸ್‌ಕ್ಯೂಎಲ್ಲಿಗೆ ಕೊಟ್ಟ ಆಜ್ಞೆಯ ಕಡತವಾದರೋ ಪಾಠಸಂಪಾದಕನ ಟಿಪ್ಪಣಿಯಂತೆ ಉಳಿದು, ಹತ್ತು ವರ್ಷಗಳ ಮೇಲೂ ಇನ್ನೊಬ್ಬನ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ಎಸ್‌ಕ್ಯೂಲೈಟಿನ ಡಿಬಿ ಬ್ರೌಸರ್, ಬರೆಯೆಂದು ಪ್ರತ್ಯೇಕವಾಗಿ ಹೇಳುವವರೆಗೆ ಬದಲಾವಣೆಯನ್ನು ಕಡತಕ್ಕೆ ಇಳಿಸದೆ ತಡೆದಿಡುವುದು ಮೆಚ್ಚತಕ್ಕ ಗುಣ. ಮುಖ್ಯ ಕೀಲಿಯಿಲ್ಲದ ಕೋಷ್ಟಕದ ಸಾಲುಗಳನ್ನು ತಿದ್ದಲು ಬಿಡದ ಪಿಜಿ-ಅಡ್ಮಿನ್ನಿನ ಬಿಗಿಯೂ ಹಾಗೆಯೇ.

ಕಾಪಾಡುವ ಉಪಕರಣಗಳಲ್ಲಿ ಪಿಜಿ-ಡಂಪ್ ಅಗ್ರಗಣ್ಯ. ಇತರರು ಬರೆಯುತ್ತಿರುವಾಗಲೇ ಅದು ಒಂದು ಕ್ಷಣದ ಸುಸಂಗತವಾದ ಪ್ರತಿಯನ್ನು ತೆಗೆಯಬಲ್ಲುದು. ಬೇಕಾದರೆ ಮನುಷ್ಯರು ಓದಬಹುದಾದ ಸಾದಾ ಬರಹವಾಗಿಯೂ ಕೊಡಬಲ್ಲುದು. ಎಸ್‌ಕ್ಯೂಲೈಟಿನ ಏಕಕಡತದ ರೂಪವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಣೆಗೆ ಯೋಗ್ಯವಾದ ರೂಪಗಳಲ್ಲೊಂದೆಂದು ಒಪ್ಪಿದೆ. ಒಬ್ಬನೇ ಕೆಲಸ ಮಾಡುವ ಸಂಶೋಧಕನಿಗೆ ಇದು ತಕ್ಕದ್ದು. ಆದರೆ ಮರಳಿ ತುಂಬಿ ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು.

6. ಉಪಸಂಹಾರ

ಇವೆಲ್ಲ ಶಾಸನಗಳ ಮಾತಾಯಿತು, ಜೀವಂತ ಜನರಿಗೇನು ಎಂದು ಕೇಳಬಹುದು. ಇದೇ ನಾಲ್ಕು ತಾಲ್ಲೂಕುಗಳ ರೈತರ ಪಹಣಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಭೂಮಿ ಎಂಬ ಯೋಜನೆಯಿಂದ ದತ್ತಸಂಚಯಕ್ಕೆ ಸೇರಿದವು. ರಾಜ್ಯದಲ್ಲಿ ಹೀಗೆ ಸೇರಿದ ದಾಖಲೆಗಳು ಸುಮಾರು 2 ಕೋಟಿ. ಅಲ್ಲಿ ಅಧಿಕಾರಿಯು ತನ್ನ ಬೆರಳಚ್ಚನ್ನು ಕೊಟ್ಟು ಒಳಹೋಗಬೇಕೆಂಬ ಏರ್ಪಾಡು, ಯಾರು ತಿದ್ದಿದರೆಂಬುದು ಉಳಿಯಬೇಕೆಂಬ ತತ್ತ್ವದಿಂದ ಹುಟ್ಟಿತು. ದಾನಶಾಸನವೂ ಪಹಣಿಯೂ ಹೇಳುವುದು ಒಂದೇ ಮಾತನ್ನು: ಈ ನೆಲ ಇಂಥವರದು, ಇದರ ಎಲ್ಲೆ ಇದು. ಒಂದರಲ್ಲಿ ಹೆಸರು ಕಾಣದೆ ಹೋದರೆ ಚರಿತ್ರೆಗೆ ನಷ್ಟ. ಇನ್ನೊಂದರಲ್ಲಿ ಕಾಣದೆ ಹೋದರೆ ಸಂಸಾರಕ್ಕೆ ನಷ್ಟ.

ನಮ್ಮ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುವುದಾದರೆ: ಬಹುಜನರ ಉಪಯೋಗಕ್ಕೆ ಪೋಸ್ಟ್‌ಗ್ರೆಸ್ಸೂ ಪಿ-ಎಸ್‌ಕ್ಯೂಎಲ್ಲೂ, ಕಾಪಿಗೆ ಪಿಜಿ-ಡಂಪೂ, ಏಕಾಂಗಿಯ ಕೆಲಸಕ್ಕೆ ಕಟ್ಟುನಿಟ್ಟಿನ ಕೋಷ್ಟಕಗಳೊಡನೆ ಎಸ್‌ಕ್ಯೂಲೈಟೂ ಗ್ರಾಹ್ಯ. ಡಿ-ಬೀವರಿನಂತಹವು ನೋಡುವುದಕ್ಕೆ ಒಳ್ಳೆಯವು, ತಿದ್ದುವುದಕ್ಕೆ ಅಲ್ಲ. ಓಪನ್-ರಿಫೈನ್ ಪ್ರಶ್ನೆ ಕೇಳುವ ಶಿಷ್ಯನಾಗಿರಲಿ, ಉತ್ತರ ಹೇಳುವ ಗುರುವಾಗದಿರಲಿ. ಇವುಗಳಲ್ಲಿ ಯಾವುದೂ ಕನ್ನಡದ ವಿರೋಧಿಯಲ್ಲ. ಆದರೆ ಯಾವುದಕ್ಕೂ ಕನ್ನಡ ತಾನಾಗಿ ಬಾರದು. ಕೋಲಾರವೆಂಬ ಮಾತಿನ ಎರಡು ರೂಪಗಳು ಒಂದೇ ಎಂದೂ, ಳಕಾರವು ಹಕಾರದ ಅನಂತರ ಬರುತ್ತದೆಂದೂ, ಪಲ್ಲಿಯು ಹಳ್ಳಿಯೆಂದೂ ಅವಕ್ಕೆ ಹೇಳಿಕೊಡಬೇಕಾದವರು ನಾವೇ. ಕನ್ನಡ ಅಧ್ಯಯನ ವಿಭಾಗಗಳು ಊರ ಹೆಸರುಗಳ ರೂಪಾಂತರಕೋಷ್ಟಕವನ್ನೂ ಪರೀಕ್ಷಾಪದಗಳ ಪಟ್ಟಿಯನ್ನೂ ತಾಲ್ಲೂಕುವಾರು ಸಿದ್ಧಪಡಿಸಿ ಎಲ್ಲರಿಗೂ ದೊರೆಯುವಂತೆ ಪ್ರಕಟಿಸುವುದು ಆಗಬೇಕಾದ ಮೊದಲ ಕೆಲಸ. ಅದಾಗುವವರೆಗೆ ಯಂತ್ರವು "ಇಲ್ಲ" ಎಂದಾಗಲೆಲ್ಲ ಒಮ್ಮೆ ರೈಸರ ಸಂಪುಟವನ್ನು ತೆರೆದು ನೋಡುವ ಅಭ್ಯಾಸವನ್ನು ಬಿಡಲಾಗದು.